ಮಾತಿನಾಚೆಯ ಕಂಠ: ದೆಮೆತ್ರಿಯೊ ಸ್ತ್ರಾತೋಸನ ‘ಕಾಂತಾರೆ ಲಾ ವೋಚೆ’ ಧ್ವನಿಮುದ್ರಿಕೆಯ ಚರಿತ್ರೆ

೧

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮೂರು ಬಗೆಯ ಆಕರಗಳನ್ನು ಆಶ್ರಯಿಸುವರು: ಲಕ್ಷಣಗ್ರಂಥಗಳು, ಸ್ವರಲಿಪಿಯಲ್ಲಿ ಉಳಿದುಬಂದಿರುವ ಕೃತಿಗಳು, ಸಮಕಾಲೀನರ ಉಲ್ಲೇಖಗಳು. ಇಪ್ಪತ್ತನೆಯ ಶತಮಾನದಲ್ಲಿ ಇವುಗಳ ಜೊತೆಗೆ ಧ್ವನಿಮುದ್ರಿಕೆಯೆಂಬ ನಾಲ್ಕನೆಯ ಆಕರವೊಂದು ಸೇರಿಕೊಂಡಿತು. ಅನೇಕ ಸಂದರ್ಭಗಳಲ್ಲಿ ಇದು ಉಳಿದ ಮೂರಕ್ಕೆ ಪೂರಕ ಮಾತ್ರ. ಆದರೆ ಲಕ್ಷಣಗ್ರಂಥವಾಗಲಿ ಸ್ವರಲಿಪಿಯಾಗಲಿ ಇಲ್ಲದೆ, ಧ್ವನಿಮುದ್ರಿಕೆಯೊಂದೇ ಮೂಲಪಾಠವಾಗಿ ನಿಲ್ಲುವ ಕೃತಿಗಳೂ ಉಂಟು. ಅಂತಹವನ್ನು ಚರಿತ್ರಕಾರನು ಹೇಗೆ ಓದಬೇಕು? ಶಾಸನವನ್ನು ಓದುವವನು ಕಲ್ಲಿನ ಮೇಲಿರುವುದೆಷ್ಟು, ಅದರ ಸುತ್ತ ಬೆಳೆದ ಐತಿಹ್ಯವೆಷ್ಟು ಎಂಬುದನ್ನು ಬೇರ್ಪಡಿಸಿಕೊಳ್ಳುವಂತೆಯೇ ಇಲ್ಲಿಯೂ ಮಾಡಬೇಕಾಗುತ್ತದೆ.

೧೯೭೮ರಲ್ಲಿ ಇಟಲಿಯ ಮಿಲಾನ್ ನಗರದ ‘ಕ್ರ್ಯಾಂಪ್ಸ್’ ಸಂಸ್ಥೆಯು ತನ್ನ ‘ನೋವಾ ಮೂಸಿಕಾ’ ಮಾಲೆಯಲ್ಲಿ ಹೊರತಂದ ‘ಕಾಂತಾರೆ ಲಾ ವೋಚೆ’ ಎಂಬ ಧ್ವನಿಮುದ್ರಿಕೆಯನ್ನು ಪ್ರಕೃತ ಲೇಖನದಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಇದರ ಕರ್ತೃ ದೆಮೆತ್ರಿಯೊ ಸ್ತ್ರಾತೋಸ್. ಇಲ್ಲಿರುವ ಉಪಕರಣ ಕಂಠವೊಂದೇ. ಹೆಸರಿನ ಅರ್ಥ ‘ಧ್ವನಿಯನ್ನು ಹಾಡುವುದು’. ಧ್ವನಿಯಿಂದ ಹಾಡನ್ನು ಹಾಡುವುದು ಲೋಕರೂಢಿ. ಧ್ವನಿಯನ್ನೇ ಹಾಡುವುದೆಂದರೆ ಏನು, ಅಂತಹ ಸಂಕಲ್ಪ ಈತನಲ್ಲಿ ಹೇಗೆ ಹುಟ್ಟಿತು, ಅದು ಎಷ್ಟರಮಟ್ಟಿಗೆ ಕೈಗೂಡಿತು, ಅನಂತರದ ಕಾಲ ಅದನ್ನು ಹೇಗೆ ಅರ್ಥಮಾಡಿಕೊಂಡಿತು ಎಂಬ ಪ್ರಶ್ನೆಗಳು ಇಲ್ಲಿ ಮುಖ್ಯ.

೨

ಮಾತಿನ ಅರ್ಥವನ್ನು ಬಿಟ್ಟು ಕಂಠವನ್ನು ಸ್ವತಂತ್ರವಾಗಿ ನಡೆಸಬೇಕೆಂಬ ಅಭಿಲಾಷೆ ಯುರೋಪಿನಲ್ಲಿ ಒಮ್ಮಿಂದೊಮ್ಮೆಗೆ ಹುಟ್ಟಿದುದಲ್ಲ. ೧೯೧೨ರಲ್ಲಿ ಆರ್ನಾಲ್ಡ್ ಷೋನ್‌ಬೆರ್ಗ್ ತನ್ನ ‘ಪಿಯೆರೊ ಲ್ಯೂನೇರ್’ ಕೃತಿಯಲ್ಲಿ ಮಾತಿಗೂ ಗಾನಕ್ಕೂ ನಡುವಣ ಒಂದು ಉಚ್ಚಾರಣಾಕ್ರಮವನ್ನು ಬಳಸಿದನು. ಇಟಲಿಯ ಭವಿಷ್ಯವಾದಿಗಳು ವಾಕ್ಯರಚನೆಯ ಕಟ್ಟನ್ನು ಒಡೆದು ಪದಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದರು. ೧೯೧೬ರಲ್ಲಿ ಜ್ಯೂರಿಕ್ ನಗರದಲ್ಲಿ ಹ್ಯೂಗೊ ಬಾಲ್ ಯಾವ ಭಾಷೆಗೂ ಸೇರದ ಅಕ್ಷರಗಳ ಕವಿತೆಗಳನ್ನು ವೇದಿಕೆಯ ಮೇಲೆ ಓದಿದನು. ಜರ್ಮನಿಯ ಕುರ್ಟ್ ಷ್ವಿಟ್ಟರ್ಸ್ ಇದೇ ದಾರಿಯಲ್ಲಿ ಮುಂದುವರಿದು ಅಕ್ಷರಧ್ವನಿಗಳಿಂದಲೇ ‘ಉರ್‌ಸೊನಾಟೆ’ ಎಂಬ ದೀರ್ಘ ಕೃತಿಯನ್ನು ಕಟ್ಟಿದನು. ೧೯೪೭ರಲ್ಲಿ ಫ್ರಾನ್ಸಿನ ಅಂತೊನೆನ್ ಆರ್ತೊ ಚೀತ್ಕಾರ, ಆಕ್ರಂದನಗಳಿಂದ ಕೂಡಿದ ಒಂದು ಬಾನುಲಿ ರೂಪಕವನ್ನು ಮುದ್ರಿಸಿದನು. ೧೯೪೮ರ ಫೆಬ್ರವರಿಯಲ್ಲಿ ಪ್ರಸಾರವಾಗಬೇಕಾಗಿದ್ದ ಅದನ್ನು ಬಾನುಲಿಯ ಅಧಿಕಾರಿಗಳು ತಡೆದರು.

ಇವೆಲ್ಲಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ಮಿಲಾನಿನಲ್ಲಿಯೇ ನಡೆದ ಕಾರ್ಯ. ಲುಚಾನೊ ಬೇರಿಯೊ ಮತ್ತು ಬ್ರೂನೊ ಮದೆರ್ನಾ ೧೯೫೫ರಲ್ಲಿ ಅಲ್ಲಿಯ ಬಾನುಲಿ ನಿಲಯದಲ್ಲಿ ಧ್ವನಿಶಾಸ್ತ್ರದ ಒಂದು ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ೧೯೫೮ರಲ್ಲಿ ಬೇರಿಯೊ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ ‘ಸೈರೆನ್’ ಅಧ್ಯಾಯದ ಆರಂಭವನ್ನು ಗಾಯಕಿ ಕ್ಯಾಥಿ ಬರ್ಬೇರಿಯನ್ ಅವರಿಂದ ಓದಿಸಿ, ಆ ಓದನ್ನು ಕಾಂತೀಯ ಪಟ್ಟಿಯ ಮೇಲೆ ತುಂಡರಿಸಿ, ಜೋಡಿಸಿ, ‘ತೇಮಾ’ ಎಂಬ ಕೃತಿಯನ್ನು ಮಾಡಿದನು. ಅದೇ ವರ್ಷ ಅಮೆರಿಕದ ಜಾನ್ ಕೇಜ್ ಬರ್ಬೇರಿಯನ್ ಅವರಿಗಾಗಿಯೇ ‘ಆರಿಯಾ’ ಎಂಬುದನ್ನು ರಚಿಸಿದನು. ೧೯೬೧ರ ‘ವಿಸಾಜ್’, ೧೯೬೫-೬೬ರ ‘ಸೆಕ್ವೆಂಜಾ’ ಮೂರನೆಯದು ಇವುಗಳಲ್ಲಿ ನಗು, ಅಳು, ಕೆಮ್ಮು, ಪಿಸುಮಾತು ಎಲ್ಲವೂ ಸಂಗೀತದ ದ್ರವ್ಯವಾದವು.

ಆದರೆ ಒಂದು ಅಂಶವನ್ನು ಗಮನಿಸಬೇಕು. ಈ ಕೃತಿಗಳಲ್ಲಿ ಕಂಠವು ಎಷ್ಟೇ ಸ್ವತಂತ್ರವಾಗಿ ಕಂಡರೂ ಅದರ ಹಿಂದೆ ಒಬ್ಬ ರಚನಕಾರನಿದ್ದನು. ಅವನ ಲಿಪಿಯೋ ಅವನ ಕತ್ತರಿಯೋ ಕಂಠವನ್ನು ಆಳುತ್ತಿತ್ತು. ಹಾಡುವವರ ದೇಹವೇ ಶೋಧಕನೂ ಶೋಧವಸ್ತುವೂ ಆಗುವುದು ಅದಕ್ಕಿಂತ ಭಿನ್ನವಾದ ಸಂಗತಿ. ೧೯೭೦ರ ದಶಕದಲ್ಲಿ ಅಂತಹ ಹಲವು ಪ್ರಯತ್ನಗಳು ಬೇರೆಬೇರೆ ಕಡೆಗಳಲ್ಲಿ ನಡೆದವು. ಅಮೆರಿಕದಲ್ಲಿ ಜೋನ್ ಲಾ ಬಾರ್ಬರಾ ೧೯೭೬ರಲ್ಲಿ ಕಂಠವೇ ಆದಿವಾದ್ಯವೆಂಬ ಅರ್ಥದ ಹೆಸರಿನ ಧ್ವನಿಮುದ್ರಿಕೆಯನ್ನು ಹೊರತಂದಳು. ಅದೇ ವರ್ಷ ಇಟಲಿಯಲ್ಲಿ ಸ್ತ್ರಾತೋಸನ ಮೊದಲನೆಯ ಏಕಕಂಠ ಮುದ್ರಿಕೆ ಹೊರಬಂದಿತು.

೩

ಸ್ತ್ರಾತೋಸನ ಮೊದಲ ಹೆಸರು ಎಫ್‌ಸ್ತ್ರಾತಿಯೋಸ್ ದಿಮಿತ್ರಿಯು. ೧೯೪೫ರ ಏಪ್ರಿಲ್ ೨೨ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಗ್ರೀಕ್ ಮನೆತನವೊಂದರಲ್ಲಿ ಹುಟ್ಟಿದನು. ಅಂದಿನ ಅಲೆಕ್ಸಾಂಡ್ರಿಯಾ ಹಲವು ಜನಾಂಗಗಳು, ಹಲವು ಭಾಷೆಗಳು ನೆರೆಹೊರೆಯಾಗಿ ಬಾಳಿದ ಬಂದರು. ಮನೆಯವರ ಸಂಪ್ರದಾಯದ ಚರ್ಚಿನಲ್ಲಿ ಬೈಜಾಂಟಿಯದ ಸ್ತೋತ್ರಗಾನ, ಬೀದಿಯಲ್ಲಿ ಅರಬ್ಬೀ ಸಂಗೀತ, ಆಮೇಲೆ ರೇಡಿಯೋ ಮತ್ತು ತಟ್ಟೆಗಳ ಮೂಲಕ ಬಂದ ರಾಕ್ ಗಾನ—ಇವು ಮೂರೂ ಬಾಲಕನ ಕಿವಿಗೆ ಬಿದ್ದವು. ಪಿಯಾನೊ ಮತ್ತು ಅಕಾರ್ಡಿಯನ್ ವಾದ್ಯಗಳ ಶಿಕ್ಷಣವೂ ಆಯಿತು. ಸೂಯೆಜ್ ಬಿಕ್ಕಟ್ಟಿನ ತರುವಾಯ ಈಜಿಪ್ಟಿನ ರಾಜಕೀಯ ಪರಿಸ್ಥಿತಿ ಬದಲಾಗಿ ವಿದೇಶೀಯ ಮೂಲದ ಕುಟುಂಬಗಳು ಚದರತೊಡಗಿದಾಗ, ೧೯೫೭ರಲ್ಲಿ ಈತನನ್ನು ಸೈಪ್ರಸ್ ದ್ವೀಪದ ನಿಕೊಸಿಯಾಕ್ಕೆ ಓದಲು ಕಳುಹಿಸಲಾಯಿತು. ೧೯೬೨ರಲ್ಲಿ ಮಿಲಾನಿಗೆ ಬಂದು ಅಲ್ಲಿಯ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದನು.

ಹೀಗೆ ಹದಿನೇಳು ವರ್ಷದ ಹೊತ್ತಿಗೆ ಮೂರು ದೇಶಗಳನ್ನೂ ಹಲವು ಭಾಷೆಗಳನ್ನೂ ಕಂಡ ಯುವಕನಿಗೆ, ಒಂದು ಭಾಷೆಯ ಧ್ವನಿಗಳು ಇನ್ನೊಂದು ಭಾಷೆಯಲ್ಲಿ ಏಕೆ ಇಲ್ಲವೆಂಬುದು ಪುಸ್ತಕದ ಪ್ರಶ್ನೆಯಾಗಿರದೆ ನಿತ್ಯಾನುಭವದ ಪ್ರಶ್ನೆಯಾಗಿದ್ದಿರಬೇಕು. ಇದು ನಮ್ಮ ಊಹೆಯೆಂಬುದು ದಿಟ; ಆದರೆ ಆತನ ಮುಂದಿನ ಕಾರ್ಯ ಈ ಊಹೆಗೆ ಅವಕಾಶ ಕೊಡುತ್ತದೆ.

ಓದಿಗಿಂತ ಸಂಗೀತವೇ ಆತನನ್ನು ಹೆಚ್ಚು ಸೆಳೆಯಿತು. ೧೯೬೭ರಲ್ಲಿ ‘ಇ ರಿಬೆಲ್ಲಿ’ ಎಂಬ ಜನಪ್ರಿಯ ಗುಂಪನ್ನು ಸೇರಿದನು. ಅದೇ ವರ್ಷ ಆತ ಹಾಡಿದ ‘ಪೂನ್ಯಿ ಕ್ಯೂಸಿ’ (ಬಿಗಿದ ಮುಷ್ಟಿಗಳು) ಎಂಬ ಗೀತ ಇಟಲಿಯಲ್ಲಿ ಮನೆಮಾತಾಯಿತು. ಆ ದಾರಿಯಲ್ಲಿಯೇ ಉಳಿದಿದ್ದರೆ ಹಣಕ್ಕೂ ಕೀರ್ತಿಗೂ ಕೊರತೆಯಿರುತ್ತಿರಲಿಲ್ಲ. ಆದರೆ ಆ ಗುಂಪನ್ನು ಬಿಟ್ಟು, ೧೯೭೨ರಲ್ಲಿ ತಾಳವಾದ್ಯಗಾರ ಜೂಲಿಯೊ ಕಾಪಿಯೋತ್ಸೊ ಮೊದಲಾದವರೊಡನೆ ‘ಆರೆಯಾ’ ಎಂಬ ಹೊಸ ಗುಂಪನ್ನು ಕಟ್ಟಿದನು. ಜಾಸ್, ರಾಕ್, ಬಾಲ್ಕನ್ ಮತ್ತು ಅರಬ್ಬೀ ಲಯಗಳು, ವಿದ್ಯುನ್ಮಾನ ಧ್ವನಿಗಳು ಇವೆಲ್ಲವನ್ನೂ ಬೆಸೆದ ಈ ಗುಂಪಿನ ಮೊದಲ ಮುದ್ರಿಕೆ ೧೯೭೩ರಲ್ಲಿ ಬಂದಿತು. ರಾಜಕೀಯದಲ್ಲಿ ಇವರದು ಎಡಪಂಥ. ಯುವಜನರ ಬಯಲು ಉತ್ಸವಗಳಲ್ಲಿ, ಕಾರ್ಮಿಕರ ಸಭೆಗಳಲ್ಲಿ ಹಾಡುವುದು ಇವರ ಪದ್ಧತಿ. ೧೯೭೪ರಲ್ಲಿ ಕಾರ್ಮಿಕರ ಅಂತರರಾಷ್ಟ್ರೀಯ ಗೀತವನ್ನೂ ವಾದ್ಯಗಳಲ್ಲಿ ಮುದ್ರಿಸಿದರು.

ಇವರ ಪ್ರಕಾಶಕನಾದ ಜಾನ್ನಿ ಸಾಸ್ಸಿಯನ್ನು ಇಲ್ಲಿ ಸ್ಮರಿಸಬೇಕು. ಆತ ಕಟ್ಟಿದ ‘ಕ್ರ್ಯಾಂಪ್ಸ್’ ಸಂಸ್ಥೆ ಜನಪ್ರಿಯ ಸಂಗೀತವನ್ನೂ ವಿದ್ವತ್ ವಲಯದ ಪ್ರಯೋಗಸಂಗೀತವನ್ನೂ ಒಂದೇ ಅಂಗಡಿಯ ಕಪಾಟಿನಲ್ಲಿ ಇಟ್ಟಿತು. ‘ನೋವಾ ಮೂಸಿಕಾ’ ಮಾಲೆಯ ಮೊದಲನೆಯ ತಟ್ಟೆ ೧೯೭೪ರಲ್ಲಿ ಬಂದ ಜಾನ್ ಕೇಜನ ಕೃತಿಗಳದು. ಆ ತಟ್ಟೆಯಲ್ಲಿ ಕೇಜನ ‘ಮರ್ಸ್ ಕನಿಂಗ್‌ಹ್ಯಾಮ್ ಕುರಿತ ಅರವತ್ತೆರಡು ಮೆಸಾಸ್ಟಿಕ್‌ಗಳು’ ಎಂಬ ೧೯೭೧ರ ರಚನೆಯಿಂದ ಆಯ್ದ ಭಾಗವನ್ನು ಹಾಡಿದವನು ಸ್ತ್ರಾತೋಸ್. ಮೆಸಾಸ್ಟಿಕ್ ಎಂದರೆ ಸಾಲುಗಳ ನಡುವಿನ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಒಂದು ಹೆಸರು ದೊರೆಯುವ ಪದಬಂಧ. ನಮ್ಮ ಚಿತ್ರಕವಿತ್ವದ ಪರಿಚಯವುಳ್ಳವರಿಗೆ ಇದು ತೀರ ಅಪರಿಚಿತವೆನಿಸದು. ಕೇಜ್ ಇದರಲ್ಲಿ ಪ್ರತಿಯೊಂದು ಅಕ್ಷರವನ್ನೂ ಬೇರೆಬೇರೆ ಅಚ್ಚುಮೊಳೆಯ ಆಕಾರ, ಗಾತ್ರಗಳಲ್ಲಿ ಇರಿಸಿದ್ದನು. ಸ್ವರವೂ ಇಲ್ಲ, ತಾಳವೂ ಇಲ್ಲ. ಅಕ್ಷರದ ರೂಪವನ್ನು ಕಂಡು ಗಾಯಕನೇ ಧ್ವನಿಯನ್ನು ನಿರ್ಣಯಿಸಬೇಕು. ಪದವು ಒಡೆದು ಅಕ್ಷರವಾಗಿ, ಅಕ್ಷರವು ಒಡೆದು ಧ್ವನಿಯಾಗುವ ಈ ಅಭ್ಯಾಸವು ಸ್ತ್ರಾತೋಸನಿಗೆ ಹೊಸ ದಾರಿಯ ಬಾಗಿಲಾಯಿತೆಂದು ಹೇಳಬಹುದು.

೪

ಎರಡನೆಯ ಪ್ರೇರಣೆ ಮನೆಯೊಳಗಿನದು. ತನ್ನ ಮಗಳು ಶಿಶುವಾಗಿದ್ದಾಗ ತೊದಲುತ್ತಿದ್ದುದನ್ನು ಸ್ತ್ರಾತೋಸ್ ಗಮನವಿಟ್ಟು ಕೇಳಿದನು. ಮಾತು ಬಾರದ ಮಗು ತನ್ನ ಕಂಠದೊಡನೆ ಆಡುತ್ತದೆ. ಯಾವ ಭಾಷೆಗೂ ಸೇರದ ಧ್ವನಿಗಳನ್ನೂ ಲೀಲಾಜಾಲವಾಗಿ ಹೊರಡಿಸುತ್ತದೆ. ಭಾಷೆ ಬರುತ್ತಿದ್ದಂತೆ ಆ ಭಾಷೆಗೆ ಬೇಕಾದ ಕೆಲವೇ ಧ್ವನಿಗಳು ಉಳಿದು, ಮಿಕ್ಕವು ಅಭ್ಯಾಸ ತಪ್ಪಿ ಅಳಿದುಹೋಗುತ್ತವೆ. ಮಾತನ್ನು ಗಳಿಸುವುದೆಂದರೆ ಧ್ವನಿಯನ್ನು ಕಳೆದುಕೊಳ್ಳುವುದೂ ಹೌದು ಎಂಬ ವಿಚಾರ ಆತನ ಮನಸ್ಸಿನಲ್ಲಿ ಬೇರೂರಿತು. ಕಳೆದುದನ್ನು ಪ್ರಾಯಸ್ಥನು ಮತ್ತೆ ಪಡೆಯಬಲ್ಲನೆ ಎಂಬುದೇ ಆತನ ಶೋಧನೆಯ ಮೂಲಪ್ರಶ್ನೆಯಾಯಿತು.

ಶಿಶುಗಳ ತೊದಲನ್ನು ಕುರಿತ ಈ ವಿಚಾರಕ್ಕೆ ಭಾಷಾವಿಜ್ಞಾನದಲ್ಲಿಯೂ ಆಧಾರವುಂಟು. ರೋಮನ್ ಯಾಕಬ್ಸನ್ ೧೯೪೧ರಲ್ಲಿ ಪ್ರಕಟಿಸಿದ ಮಕ್ಕಳ ಭಾಷೆಯ ಅಧ್ಯಯನದಲ್ಲಿ, ತೊದಲಿನ ಹಂತದ ಧ್ವನಿಸಮೃದ್ಧಿಯು ಮಾತಿನ ಹಂತದಲ್ಲಿ ಕುಗ್ಗುವುದೆಂದು ಪ್ರತಿಪಾದಿಸಿದ್ದನು. ತೊದಲಿಗೂ ಮಾತಿಗೂ ನಡುವೆ ಅಂತಹ ಪೂರ್ಣ ವಿಚ್ಛೇದವಿಲ್ಲವೆಂದು ಅನಂತರದ ಸಂಶೋಧಕರು ತಿದ್ದಿದ್ದಾರೆ. ಆದುದರಿಂದ ಸ್ತ್ರಾತೋಸನ ನಂಬಿಕೆಯನ್ನು ವಿಜ್ಞಾನದ ಅಂತಿಮ ನಿರ್ಣಯವೆಂದು ಭಾವಿಸಬಾರದು. ಕಲಾವಿದನೊಬ್ಬನನ್ನು ಕಾರ್ಯಪ್ರವೃತ್ತನನ್ನಾಗಿ ಮಾಡಿದ ಪ್ರಮೇಯವೆಂದು ತಿಳಿದರೆ ಸಾಕು.

ಇದರ ಮೊದಲನೆಯ ಫಲ ೧೯೭೬ರ ‘ಮೆತ್ರೊದೋರಾ’. ಮೆತ್ರೊದೋರಾ ಎಂಬುದು ಸ್ತ್ರೀರೋಗಗಳನ್ನು ಕುರಿತ ಗ್ರೀಕ್ ವೈದ್ಯಗ್ರಂಥವೊಂದರ ಕರ್ತೃವೆಂದು ಪ್ರಸಿದ್ಧಳಾದ ವೈದ್ಯೆಯ ಹೆಸರು; ಆ ಗ್ರಂಥದ ಹಸ್ತಪ್ರತಿ ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿದೆ. ಮುದ್ರಿಕೆಯಲ್ಲಿ ‘ಸೆಗ್ಮೆಂತಿ’ ಎಂಬ ನಾಲ್ಕು ಖಂಡಗಳೂ, ‘ಮಿರೊಲೋಗಿ’ ಎಂಬ ಎರಡು ಭಾಗಗಳೂ, ಹೆಸರಿನ ಭಾಗವೂ ಇವೆ. ಮಿರೊಲೋಗಿಗಳೆಂದರೆ ಗ್ರೀಸಿನ ಹಳ್ಳಿಗಳಲ್ಲಿ ಸತ್ತವರಿಗಾಗಿ ಹಾಡುವ ಶೋಕಗೀತಗಳು. ಮಾತು ತಡೆದು ಅಳುವೇ ಹಾಡಾಗುವ ಪ್ರಕಾರವನ್ನು ಆತ ಆರಿಸಿಕೊಂಡುದು ಆಕಸ್ಮಿಕವಲ್ಲ. ಶಿಶುವಿನ ತೊದಲು ಒಂದು ಕೊನೆಯಾದರೆ ಮರಣದ ಶೋಕ ಇನ್ನೊಂದು ಕೊನೆ. ಇವೆರಡರಲ್ಲಿಯೂ ಧ್ವನಿಯು ಪದದ ಹಿಡಿತವನ್ನು ಮೀರುತ್ತದೆ.

ಈ ಕಾಲದ ತನ್ನ ಬರವಣಿಗೆಯಲ್ಲಿ ಸ್ತ್ರಾತೋಸ್ ಎರಡು ಮಾತುಗಳನ್ನು ಒತ್ತಿಹೇಳಿದನು. ಪಾಶ್ಚಾತ್ಯ ಗಾಯನಪದ್ಧತಿಯು ಕಂಠದ ಒಂದು ಅಂಗವನ್ನು ಅತಿಯಾಗಿ ಬೆಳೆಸಿ ಉಳಿದ ಅಂಗಗಳಿಗೆ ಗಾಯಕನನ್ನು ಕಿವುಡನನ್ನಾಗಿ ಮಾಡಿದೆಯೆಂಬುದು ಮೊದಲನೆಯದು. ಹೊಸ ಬಗೆಯ ಕಂಠವೊಂದು ಇರಬಹುದಾದರೆ ಅದನ್ನು ಒಬ್ಬನಲ್ಲ, ಎಲ್ಲರೂ ಬಾಳಬೇಕು. ಬರಿಯ ಶ್ರೋತೃವಾಗಿ ಕುಳಿತಿರುವ ಅಭ್ಯಾಸದಿಂದ ಬಿಡುಗಡೆ ಪಡೆಯಬೇಕೆಂಬುದು ಎರಡನೆಯದು. ಈ ಎರಡನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

೫

‘ಕಾಂತಾರೆ ಲಾ ವೋಚೆ’ಯಲ್ಲಿ ಐದು ಭಾಗಗಳಿವೆ. ಎರಡು ಮತ್ತು ಮೂರು ಧ್ವನಿಗಳನ್ನು ಏಕಕಾಲದಲ್ಲಿ ಹೊರಡಿಸುವ ಅನ್ವೇಷಣೆಗಳು ಮೊದಲನೆಯ ಭಾಗ. ಮೂಲದಲ್ಲಿಯೇ ಇದಕ್ಕೆ ‘ಇನ್ವೆಸ್ತಿಗಾತ್ಸಿಯೋನಿ’, ಎಂದರೆ ಶೋಧನೆಗಳು, ಎಂಬ ಹೆಸರಿದೆ. ‘ಪಸ್ಸಾಜ್ಜಿ’, ಎಂದರೆ ಸಂಚಾರಗಳು, ಎರಡನೆಯದು. ‘ಕ್ರಿಪ್ತೊಮೆಲೊದಿಯೆ ಇನ್‌ಫಂತೀಲಿ’, ಎಂದರೆ ಬಾಲ್ಯದ ಗೂಢರಾಗಗಳು, ಮೂರನೆಯದು. ‘ಫ್ಲಾವುತೊಫೊನಿಯೆ’, ಎಂದರೆ ಕೊಳಲಧ್ವನಿಗಳು, ನಾಲ್ಕನೆಯದು. ‘ಲೆ ಸಿರೇನೆ’, ಎಂದರೆ ಹೋಮರನ ಕಾವ್ಯದಲ್ಲಿ ನಾವಿಕರನ್ನು ಗಾನದಿಂದ ಸೆಳೆಯುವ ಸೈರೆನ್‌ಗಳು, ಐದನೆಯದು.

ಈ ಹೆಸರುಗಳೇ ಕೃತಿಯ ಕ್ರಮವನ್ನು ತಿಳಿಸುತ್ತವೆ. ಹಾಡು, ರಾಗ, ಗೀತ ಎಂಬ ಹೆಸರು ಮೊದಲಿಗೆ ಬಾರದೆ ಶೋಧನೆ ಎಂಬುದೇ ಬಂದಿದೆ. ಮೊದಲ ಭಾಗದಲ್ಲಿ ಉಸಿರನ್ನು ದೀರ್ಘವಾಗಿ ಹಿಡಿದು ಒಂದು ಧ್ವನಿಯನ್ನು ನಿಲ್ಲಿಸುವುದೂ, ಅದು ಒಳಗೊಳಗೇ ಸೀಳಿ ಎರಡಾಗುವುದೂ, ಎರಡರಲ್ಲಿ ಒಂದು ಏರುತ್ತಿರುವಾಗ ಇನ್ನೊಂದು ಇಳಿಯುವುದೂ ಕೇಳಿಬರುತ್ತವೆ. ಇಲ್ಲಿ ಶ್ರುತಿಶುದ್ಧಿಯನ್ನಾಗಲಿ ಭಾವಪ್ರಕಾಶವನ್ನಾಗಲಿ ಅರಸಿ ಹೋಗುವ ಶ್ರೋತೃವಿಗೆ ನಿರಾಶೆಯಾದೀತು. ಪ್ರಯೋಗಶಾಲೆಯಲ್ಲಿ ಒಂದು ದ್ರವ್ಯವನ್ನು ಕಾಯಿಸಿ, ತಣಿಸಿ, ಅದರ ಗುಣವನ್ನು ನೋಡುವಂತೆ ಇಲ್ಲಿ ಧ್ವನಿಯನ್ನು ನೋಡಲಾಗಿದೆ. ನಡುವಣ ಭಾಗದಲ್ಲಿ ಶೋಧನೆ ಬಾಲ್ಯದ ಕಡೆಗೆ ತಿರುಗುತ್ತದೆ. ಕೊನೆಯಲ್ಲಿ ಪುರಾಣದ ಹೆಸರು ಬರುತ್ತದೆ. ಬೇರಿಯೊ ಇಪ್ಪತ್ತು ವರ್ಷಗಳ ಹಿಂದೆ ಅದೇ ನಗರದಲ್ಲಿ ಆರಿಸಿಕೊಂಡುದೂ ಸೈರೆನ್ ಅಧ್ಯಾಯವೇ ಎಂಬುದು ಗಮನಾರ್ಹ. ಇದರಿಂದ ಪ್ರಭಾವವನ್ನು ಸಾಧಿಸಹೊರಡುವುದು ಆತುರದ ಕೆಲಸ. ಮಾತಿಗಿಂತ ಮೊದಲೇ ಮನಸ್ಸನ್ನು ಸೆಳೆಯುವ ಧ್ವನಿಗೆ ಪಶ್ಚಿಮದ ಸಂಸ್ಕೃತಿಯಲ್ಲಿ ಸೈರೆನ್ ಎಂಬುದೇ ಹಳೆಯ ಸಂಕೇತವಾದ್ದರಿಂದ ಇಬ್ಬರೂ ಅಲ್ಲಿಗೆ ಹೋದರೆಂದು ತಿಳಿಯುವುದು ಯುಕ್ತ.

೬

ಒಂದು ಕಂಠದಿಂದ ಎರಡು ಧ್ವನಿಗಳು ಹೇಗೆ ಹುಟ್ಟುತ್ತವೆ? ಸಾಮಾನ್ಯವಾಗಿ ಶ್ವಾಸಕೋಶದಿಂದ ಬಂದ ಗಾಳಿ ಧ್ವನಿತಂತುಗಳನ್ನು ಕಂಪಿಸುತ್ತದೆ. ಆ ಕಂಪನದ ಸಂಖ್ಯೆ ಮೂಲಸ್ವರವನ್ನು ನಿಶ್ಚಯಿಸುತ್ತದೆ. ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳೂ ಹುಟ್ಟುತ್ತವೆ. ಬಾಯಿ, ನಾಲಿಗೆ, ಗಂಟಲುಗಳ ಆಕಾರವನ್ನು ಬದಲಿಸಿ ಒಂದು ಉಪಸ್ವರವನ್ನು ಬಹಳ ಪ್ರಬಲಗೊಳಿಸಿದರೆ ಅದು ಬೇರೆಯೇ ಒಂದು ಸೀಟಿಯಂತೆ ಕೇಳಿಸುತ್ತದೆ. ಮಂಗೋಲಿಯಾ, ತುವಾ ಪ್ರದೇಶಗಳ ‘ಖೋಮಿ’ ಗಾಯನದ ತತ್ತ್ವ ಇದು. ಟಿಬೆಟಿನ ಗ್ಯೂತೊ ಮಠದ ಭಿಕ್ಷುಗಳು ಅತಿ ಮಂದ್ರದಲ್ಲಿ ಪಠಿಸುವಾಗಲೂ ಉಪಸ್ವರಗಳು ಸ್ಪಷ್ಟವಾಗಿ ಕೇಳಿಬರುತ್ತವೆ. ಏಷ್ಯಾದ ಇಂತಹ ಗಾಯನಕ್ರಮಗಳನ್ನು ಸ್ತ್ರಾತೋಸ್ ಅಭ್ಯಾಸಮಾಡಿದ್ದನು.

ಆದರೆ ಆತನ ಕೆಲವು ಧ್ವನಿಗಳು ಈ ವಿವರಣೆಗೆ ಒಳಪಡುವುದಿಲ್ಲ. ಪಾದುವಾ ನಗರದ ಧ್ವನಿವಿಜ್ಞಾನ ಸಂಶೋಧನ ಕೇಂದ್ರದಲ್ಲಿ ಫ್ರಾಂಕೊ ಫೆರೆರೊ ಎಂಬ ವಿದ್ವಾಂಸನು ಸ್ತ್ರಾತೋಸನ ಕಂಠವನ್ನು ಉಪಕರಣಗಳಿಂದ ಪರೀಕ್ಷಿಸಿದನು. ಆತನ ವರದಿಯ ಸಾರ ಇಷ್ಟು: ಅತ್ಯುಚ್ಚ ಧ್ವನಿಗಳು ಹೊರಡುವಾಗ ಧ್ವನಿತಂತುಗಳು ಕಂಪಿಸುತ್ತಿದ್ದುದು ಕಾಣಲಿಲ್ಲ, ಕಂಪನಸಂಖ್ಯೆ ತಂತುಗಳ ಮೇರೆಯೆಂದು ಆತ ಎಣಿಸಿದ ೧,೦೦೦-೧,೨೦೦ ಹರ್ಟ್ಸ್‌ಗಿಂತ ಬಹಳ ಹೆಚ್ಚಾಗಿತ್ತು, ಒಂದು ಸಂದರ್ಭದಲ್ಲಿ ೬,೦೦೦ ಹರ್ಟ್ಸ್‌ನಿಂದ ಇಳಿಯುವ ಒಂದು ಸೀಟಿಯೂ ೩,೦೦೦ ಹರ್ಟ್ಸ್‌ನಿಂದ ಏರುವ ಇನ್ನೊಂದು ಸೀಟಿಯೂ ಒಟ್ಟಿಗೆ ಕೇಳಿಸಿದವು, ಅವುಗಳ ನಡುವೆ ಮೂಲಸ್ವರ-ಉಪಸ್ವರಗಳ ಸಂಬಂಧವಿರಲಿಲ್ಲ. ಮೂರು ಸೀಟಿಗಳು ಏಕಕಾಲದಲ್ಲಿ ಹುಟ್ಟಿದುದನ್ನೂ ಆತ ಗುರುತಿಸಿದನು. ಒಂದು ಏರುತ್ತ ಇನ್ನೊಂದು ಇಳಿಯುವುದಾದರೆ ಅವೆರಡೂ ಒಂದೇ ಮೂಲಸ್ವರದ ಸ್ಥಿರವಾದ ಗುಣಕಗಳಾಗಿರುವುದು ಸಾಧ್ಯವಿಲ್ಲವಷ್ಟೆ. ಖೋಮಿ ಗಾಯನಕ್ಕೂ ಇದಕ್ಕೂ ಇರುವ ಭೇದ ಇದೇ.

ಇಲ್ಲಿ ಐತಿಹ್ಯದ ಬೆಳವಣಿಗೆಯನ್ನು ಕಾಣಬೇಕು. ಸ್ತ್ರಾತೋಸ್ ೭,೦೦೦ ಹರ್ಟ್ಸ್ ಮುಟ್ಟಿದನೆಂಬ ಮಾತು ಆತನ ವಿಷಯ ಬಂದಲ್ಲೆಲ್ಲ ಕಾಣಿಸಿಕೊಳ್ಳುತ್ತದೆ; ಅದರ ಪಕ್ಕದಲ್ಲಿಯೇ ಟೆನರ್ ಗಾಯಕನ ಉಚ್ಚಸ್ವರ ೫೨೩ ಹರ್ಟ್ಸ್, ಸೊಪ್ರಾನೊ ಗಾಯಕಿಯ ಉಚ್ಚಸ್ವರ ೧,೦೪೬ ಹರ್ಟ್ಸ್ ಎಂಬ ಹೋಲಿಕೆಯೂ ಬರುತ್ತದೆ. ಓದಿದವನಿಗೆ ಸ್ತ್ರಾತೋಸ್ ಉಳಿದ ಗಾಯಕರಿಗಿಂತ ಏಳುಪಾಲು ಎತ್ತರಕ್ಕೆ ಹಾಡಿದನೆಂಬ ಭಾವನೆ ಬರುವುದು ಸಹಜ. ಆದರೆ ಈ ಹೋಲಿಕೆ ಸಮಾನಜಾತಿಯ ವಸ್ತುಗಳ ಹೋಲಿಕೆಯಲ್ಲ. ಒಂದು ತಂತುಕಂಪನದಿಂದ ಹುಟ್ಟಿದ ಸ್ವರ. ಇನ್ನೊಂದು ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಹುಟ್ಟುವ ಸೀಟಿಯ ಜಾತಿಯದು. ವೀಣೆಯ ತಂತಿಯನ್ನೂ ಕೊಳಲಿನ ರಂಧ್ರವನ್ನೂ ಒಂದೇ ಅಳತೆಗೋಲಿನಿಂದ ಅಳೆದಂತಾಯಿತು. ಮುದ್ರಿಕೆಯ ಕರ್ತೃವೇ ‘ಕೊಳಲಧ್ವನಿಗಳು’ ಎಂಬ ಹೆಸರನ್ನಿಟ್ಟು ಈ ಭೇದವನ್ನು ಸೂಚಿಸಿದ್ದನೆಂಬುದನ್ನು ಅಭಿಮಾನಿಗಳು ಮರೆತರು.

೭

ಕಂಠಧ್ವನಿಯನ್ನು ಪದದಿಂದ ಬೇರ್ಪಡಿಸಿ ವಿಚಾರಿಸುವುದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ನಾದವು ಪ್ರಾಣ ಮತ್ತು ಅಗ್ನಿಗಳ ಸಂಯೋಗದಿಂದ ಹುಟ್ಟಿ, ಹೃದಯದಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಶಿರಸ್ಸಿನಲ್ಲಿ ತಾರ ಆಗುವುದೆಂಬ ನಿರೂಪಣೆಯಿದೆ. ಅದೇ ಗ್ರಂಥದಲ್ಲಿ ಗಾಯಕರ ಧ್ವನಿಯನ್ನು ಖಾಹುಲ, ನಾರಾಟ, ಬೊಂಬಕ, ಮಿಶ್ರಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ದೇಹಪ್ರಕೃತಿಗಳೊಡನೆ ಸಂಬಂಧಿಸಿದೆ. ಸ್ತ್ರಾತೋಸನಿಗೂ ಈ ಗ್ರಂಥಕ್ಕೂ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಧ್ವನಿಯನ್ನು ದೇಹದ ವ್ಯಾಪಾರವಾಗಿ ಕಾಣುವ ದೃಷ್ಟಿ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾಗಬೇಕಾದುದಿಲ್ಲವೆಂಬುದಷ್ಟೇ ತಾತ್ಪರ್ಯ. ಭೇದವೂ ದೊಡ್ಡದು: ಶಾರ್ಙ್ಗದೇವನಲ್ಲಿ ಧ್ವನಿಯ ಗುಣದೋಷಗಳು ರಾಗದ ಸೇವೆಗಾಗಿ ಇವೆ, ಸ್ತ್ರಾತೋಸನಲ್ಲಿ ಅವು ಯಾವುದರ ಸೇವೆಗೂ ಇಲ್ಲ.

ಹಾಗಾದರೆ ಇದು ಸಂಗೀತವೇ ಎಂಬ ಆಕ್ಷೇಪ ಏಳುತ್ತದೆ. ಇದು ಕಸರತ್ತು, ದೇಹದ ಚಮತ್ಕಾರ ಎಂದು ಹೇಳುವವರುಂಟು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮುದ್ರಿಕೆಯ ಕೆಲವು ಭಾಗಗಳು, ಅದರಲ್ಲೂ ಮೊದಲನೆಯದು, ಕೃತಿಗಿಂತ ಹೆಚ್ಚಾಗಿ ಉದಾಹರಣಾವಳಿಯಂತೆ ಇವೆ. ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಹೋಗಲು ಒಳಗಿನ ಕಾರಣ ಕಾಣುವುದಿಲ್ಲ. ಆದರೆ ಚಮತ್ಕಾರಕ್ಕೂ ಶೋಧಕ್ಕೂ ಒಂದು ಅಂತರವಿದೆ. ಚಮತ್ಕಾರಿಯು ತನ್ನ ಗುಟ್ಟನ್ನು ಮುಚ್ಚಿಡುತ್ತಾನೆ. ಶೋಧಕನು ತೆರೆದು ತೋರಿಸುತ್ತಾನೆ. ಸ್ತ್ರಾತೋಸ್ ತಾನಾಗಿಯೇ ಪ್ರಯೋಗಶಾಲೆಗೆ ಹೋಗಿ ತನ್ನ ಗಂಟಲನ್ನು ಪರೀಕ್ಷೆಗೆ ಒಡ್ಡಿದನು. ವಿಧಾನಗಳನ್ನು ಕುರಿತು ಬರೆದನು. ಕಂಠವನ್ನು ಕುರಿತ ಪಾಠಕ್ರಮಗಳನ್ನು ನಡೆಸಿದನು. ಈ ನಡತೆ ಗುಟ್ಟು ಮುಚ್ಚುವವನದಲ್ಲ.

ಆ ಕಾಲದ ಇಟಲಿಯ ಶ್ರೋತೃಗಳ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ೧೯೭೭ರ ಡಿಸೆಂಬರ್ ೨ರಂದು ಮಿಲಾನಿನ ಲಿರಿಕೊ ರಂಗಮಂದಿರದಲ್ಲಿ ಜಾನ್ ಕೇಜ್ ತನ್ನ ‘ಎಂಪ್ಟಿ ವರ್ಡ್ಸ್’ ಕೃತಿಯ ಮೂರನೆಯ ಭಾಗವನ್ನು ಓದಿದನು. ಹೆನ್ರಿ ಥೋರೊವಿನ ದಿನಚರಿಯನ್ನು ಅಕ್ಷರಗಳಾಗಿ ಚದರಿಸಿದ ಆ ಪಾಠವನ್ನು ಕೇಳಿ ಯುವಜನರ ಸಭೆ ಕೆರಳಿತು. ಕೂಗಿದರು, ಕೆಲವರು ವೇದಿಕೆಯನ್ನೇ ಏರಿದರು. ಕೇಜ್ ನಿಲ್ಲಿಸದೆ ಕೊನೆಯವರೆಗೂ ಓದಿದನು. ಈ ಪ್ರಸಂಗವನ್ನು ಶ್ರೋತೃಗಳ ಅರಸಿಕತೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆದರೆ ಸುಮ್ಮನೆ ಕುಳಿತು ಕೇಳಲು ಒಪ್ಪದ ಒಂದು ಜನಸಮುದಾಯ ಅಲ್ಲಿತ್ತೆಂಬುದೂ ಅದರಿಂದ ತಿಳಿಯುತ್ತದೆ. ಶ್ರೋತೃವು ಬರಿಯ ಶ್ರೋತೃವಾಗಿ ಉಳಿಯಬಾರದೆಂಬ ಸ್ತ್ರಾತೋಸನ ಮಾತು ಹುಟ್ಟಿದುದು ಈ ವಾತಾವರಣದಲ್ಲಿ.

೮

೧೯೭೮ರಲ್ಲಿ ಸ್ತ್ರಾತೋಸ್ ನ್ಯೂಯಾರ್ಕಿನಲ್ಲಿ ಮರ್ಸ್ ಕನಿಂಗ್‌ಹ್ಯಾಮನ ನೃತ್ಯಪ್ರಯೋಗದಲ್ಲಿ ಭಾಗವಹಿಸಿದನು. ೧೯೭೯ರ ವಸಂತದಲ್ಲಿ ಮೂಳೆಮಜ್ಜೆಯು ರಕ್ತವನ್ನು ಉತ್ಪಾದಿಸದಂತಾಗುವ ತೀವ್ರ ರಕ್ತಹೀನತೆಯ ರೋಗ ಆತನಲ್ಲಿ ಕಾಣಿಸಿಕೊಂಡಿತು. ಚಿಕಿತ್ಸೆಗಾಗಿ ನ್ಯೂಯಾರ್ಕಿಗೆ ಕೊಂಡೊಯ್ದರು. ವೆಚ್ಚವನ್ನು ಭರಿಸುವುದಕ್ಕಾಗಿ ಇಟಲಿಯ ಸಂಗೀತಗಾರರು ಜೂನ್ ೧೪ರಂದು ಮಿಲಾನಿನ ಅರೇನಾ ಬಯಲಿನಲ್ಲಿ ಒಂದು ದೊಡ್ಡ ಕಚೇರಿಯನ್ನು ಗೊತ್ತುಮಾಡಿದ್ದರು. ಅದರ ಹಿಂದಿನ ದಿನ, ಜೂನ್ ೧೩ರಂದು, ಸ್ತ್ರಾತೋಸ್ ತೀರಿಕೊಂಡನು. ಆಗ ಆತನಿಗೆ ೩೪ ವರ್ಷ. ಸಹಾಯಾರ್ಥವಾಗಿ ನಡೆಯಬೇಕಾಗಿದ್ದ ಕಚೇರಿ ಶ್ರದ್ಧಾಂಜಲಿಯಾಗಿ ನಡೆಯಿತು. ಸಾವಿರಾರು ಜನ ಸೇರಿದರು. ಆ ಕಚೇರಿಯೂ ತಟ್ಟೆಯಾಗಿ ಪ್ರಕಟವಾಯಿತು.

ಅಕಾಲಮರಣವು ಐತಿಹ್ಯವನ್ನು ಪೋಷಿಸಿತು. ಅಸದೃಶ ಕಂಠ, ಅಳೆಯಲಾಗದ ಎತ್ತರ, ಮರಳಿ ಬಾರದ ಸಿದ್ಧಿ ಎಂಬ ವರ್ಣನೆಗಳು ಬೆಳೆದವು. ಬ್ರೆಜಿಲ್ ದೇಶದ ಜನೇತಿ ಎಲ್ ಹಾವುಲಿ ಮೊದಲಾದ ಸಂಶೋಧಕರು ಆತನ ಕಾರ್ಯವನ್ನು ಗ್ರಂಥರೂಪದಲ್ಲಿ ವಿವೇಚಿಸಿರುವುದು ಸಂತೋಷದ ವಿಷಯ. ಆದರೂ ಸಾಮಾನ್ಯ ಕಲ್ಪನೆಯಲ್ಲಿ ಉಳಿದಿರುವುದು ಹರ್ಟ್ಸ್‌ಗಳ ಸಂಖ್ಯೆಯೇ.

ಈ ಮುದ್ರಿಕೆಯ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. ಹೊಸ ಕಂಠವು ಒಬ್ಬನ ಸೊತ್ತಾಗಬಾರದೆಂದು ಹೇಳಿದವನನ್ನೇ ಲೋಕವು ಒಬ್ಬನೇ ಒಬ್ಬನೆಂದು ಪೂಜಿಸಿತು. ಎಲ್ಲ ಮಕ್ಕಳಿಗೂ ಹುಟ್ಟಿನಿಂದ ಇದ್ದು ಎಲ್ಲರೂ ಕಳೆದುಕೊಂಡ ಧ್ವನಿಯನ್ನು ಹುಡುಕಿದವನ ಶೋಧನೆ, ಬೇರೆ ಯಾರಿಗೂ ನಿಲುಕದ ಅದ್ಭುತವೆಂದು ಹೆಸರಾಯಿತು. ಧ್ವನಿಮುದ್ರಿಕೆಯೆಂಬ ಮಾಧ್ಯಮವೂ 이 ವಿಪರ್ಯಾಸಕ್ಕೆ ಒಂದು ಕಾರಣ. ತಟ್ಟೆ ಧ್ವನಿಯನ್ನು ಉಳಿಸುತ್ತದೆ. ಆದರೆ ಅದನ್ನು ಕೇಳುವವನು ಕುರ್ಚಿಯಲ್ಲಿ ಕುಳಿತ ಶ್ರೋತೃವಾಗಿಯೇ ಉಳಿಯುತ್ತಾನೆ. ಸ್ವರಲಿಪಿಯಿದ್ದ ಬೇರಿಯೊವಿನ ಕೃತಿಗಳನ್ನು ಬರ್ಬೇರಿಯನ್ ಅವರ ತರುವಾಯ ಅನೇಕ ಗಾಯಕಿಯರು ಹಾಡಿದ್ದಾರೆ. ಲಿಪಿಯಿಲ್ಲದ ಈ ಶೋಧನೆಗಳಿಗೆ ಆ ಭಾಗ್ಯ ಅಷ್ಟು ಸುಲಭವಲ್ಲ. ಗುರುಮುಖದಿಂದ ಕಂಠಪಾಠವಾಗಿ ಬರುವ ವಿದ್ಯೆಗೆ ಗುರು ಬೇಗನೆ ಇಲ್ಲವಾದರೆ ಏನಾಗುವುದೆಂಬುದನ್ನು ಈ ದೇಶದಲ್ಲಿ ವಿವರಿಸಬೇಕಾದುದಿಲ್ಲ.

ಆದುದರಿಂದ ‘ಕಾಂತಾರೆ ಲಾ ವೋಚೆ’ಯನ್ನು ವಿಜಯಸ್ತಂಭವೆಂದು ಓದದೆ, ಅರ್ಧದಲ್ಲಿ ನಿಂತ ಸಂಶೋಧನೆಯ ವರದಿಯೆಂದು ಓದುವುದು ಉಚಿತವೆಂದು ತೋರುತ್ತದೆ. ಹಾಗೆ ಓದಿದಾಗ ಅದರ ಒರಟುತನ, ಅಪೂರ್ಣತೆಗಳು ದೋಷಗಳಾಗಿ ಕಾಣದೆ ಮುಂದಿನವರಿಗೆ ಬಿಟ್ಟ ಜಾಗಗಳಾಗಿ ಕಾಣುತ್ತವೆ. ಎಷ್ಟು ಎತ್ತರಕ್ಕೆ ಹೋದನೆಂದು ಕೇಳುವುದಕ್ಕಿಂತ, ಮಾತು ಕಲಿಯುವಾಗ ನಾವು ಏನನ್ನು ಬಿಟ್ಟುಕೊಟ್ಟೆವೆಂದು ಕೇಳಿಕೊಳ್ಳುವುದು ಆ ಮುದ್ರಿಕೆಗೆ ಹೆಚ್ಚು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ತಟ್ಟೆಯಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ತೊಟ್ಟಿಲಿರುವ ಮನೆಯಲ್ಲೆಲ್ಲ ಅದು ಇಂದಿಗೂ ಕೇಳಿಬರುತ್ತದೆ.